ಆಕಾಶದ ಚೂರಿಗೆ ಕುರಿ ಲೆಕ್ಕ

"ಏಳು," ಎಂದೆ.

ಬಂಡೆಯ ಕೆಳಗಿಂದ ದೊಡ್ಡಮ್ಮ ಕೂಗಿದಳು. "ಲೇ! ಕುರಿ ನುಗ್ಗವೆ ಕಣ್ಲಾ ತೋಟಕ್ಕೆ!"

"ಎಂಟು."

"ಕಿವಿ ಬಿದ್ದೋಗವಾ ನಿಂಗೆ? ಇಳಿಲಾ ಕೆಳಕ್ಕೆ!"

"ಒಂಬತ್ತು."

ನಾನು ಇಳಿಯಲಿಲ್ಲ. ಕೈಯಲ್ಲಿ ಮೊಬೈಲು ಇತ್ತು, ಅದರಲ್ಲಿ ಗಡಿಯಾರ ಓಡುತ್ತಿತ್ತು. ಕಣ್ಣು ಮೇಲಿತ್ತು. ಮಿಂಚುವ ಚೂರು ಆಗಲೇ ಕಬ್ಬಾಳು ಬೆಟ್ಟದ ನೆತ್ತಿ ದಾಟಿ ತೆಂಕಲಿಗೆ ಹೊರಟಿತ್ತು. ಪೂರ್ತಿ ಒಂದು ನಿಮಿಷ ಎಣಿಸಬೇಕು. ನಡುವೆ ಕಣ್ಣು ತೆಗೆದರೆ ಅಲ್ಲಿವರೆಗೆ ಎಣಿಸಿದ್ದೂ ದಂಡ. ಮಣ್ಣಿನ ಹೆಂಟೆಯೊಂದು ಬಂದು ಬೆನ್ನಿಗೆ ಬಿತ್ತು. ಹತ್ತು ಎಂದೆ. ಇನ್ನೊಂದು ಬಂತು, ತಪ್ಪಿತು. ಹನ್ನೊಂದು. ಹನ್ನೆರಡು. ನಿಮಿಷ ಮುಗಿಯಿತು.

ಆಮೇಲೆ ಇಳಿದು ಓಡಿದೆ. ದೊಡ್ಡಮ್ಮ ನಮ್ಮ ಟಗರಿನ ಕೊಂಬು ಹಿಡಿದುಕೊಂಡು ನಿಂತಿದ್ದಳು. ಅವಳು ನನಗೆ ದೊಡ್ಡಮ್ಮ ಅಲ್ಲ. ಪಕ್ಕದ ಹಿಪ್ಪುನೇರಳೆ ತೋಟದವಳು. ಊರೆಲ್ಲ ಹಾಗೆ ಕರೆಯುತ್ತದೆ, ನಾನೂ ಕರೆಯುತ್ತೇನೆ. ಅವಳ ಹುಳುಗಳಿಗೆ ಅದೇ ಸೊಪ್ಪು. ನಮ್ಮ ಕುರಿಗಳಿಗೂ ಅದೇ ಇಷ್ಟ. ನಮ್ಮ ಎರಡು ಮನೆಗೆ ಇರುವ ಜಗಳ ಅದೊಂದೇ, ಆದರೆ ದಿನಾ ಇರುತ್ತದೆ.

"ಅದೇನ್ಲಾ ಎಣಿಸ್ತಾ ಇದ್ದೆ, ಕುರಿ ಬುಟ್ಟು?"

"ಮೇಲೆ ಒಂದು ಚೂರು ಓಯ್ತದೆ ದೊಡ್ಡಮ್ಮ. ನಿಮಿಷಕ್ಕೆ ಎಷ್ಟು ಸಲ ಮಿಂಚ್ತದೆ ಅಂತ ಎಣಿಸ್ಬೇಕು."

"ನನ್ನ ತೋಟದಾಗೆ ನಿಮಿಷಕ್ಕೆ ಎಷ್ಟು ಗಿಡ ಬೋಳಾಯ್ತವೆ, ಅದ ಎಣಿಸಿದ್ಯಾ?"

ನಾನು ಅವಳ ಕೈಯಿಂದ ಟಗರನ್ನು ಬಿಡಿಸಿಕೊಂಡೆ.

"ಅದೇನು ಚೂರು? ನನ್ನ ತೋಟದ ಮ್ಯಾಲೆ ಬಿದ್ದದಾ?"

"ಬೀಳಲ್ಲ. ನಿನ್ನ ಮೊಮ್ಮಕ್ಕಳ ಕಾಲಕ್ಕೂ ಬೀಳಲ್ವಂತೆ."

"ಬಿದ್ರೂ ನಿನ್ನ ಕುರಿಗಿಂತ ಕಮ್ಮಿನೇ ಹಾಳು ಮಾಡದು ಬುಡು," ಎಂದು ಹೋದಳು.

ನಾನು ಹನ್ನೆರಡು ಎಂದು ಗ್ರೂಪಿಗೆ ಕಳಿಸಿದೆ. ತಕರಾರು ಶುರುವಾದದ್ದು ಅದರಿಂದ.

ಹಿಂದಿನದನ್ನು ಸ್ವಲ್ಪ ಹೇಳಬೇಕು. ನಾನು ಏಳನೇ ಕ್ಲಾಸು ಮುಗಿಸಿ ಶಾಲೆ ಬಿಟ್ಟೆ. ಲೆಕ್ಕ ಹತ್ತಲಿಲ್ಲ. ಆಮೇಲೆ ಬಿಡದಿಯಲ್ಲಿ ಒಂದು ಕಾರ್ಖಾನೆಗೆ ಎಂಟು ತಿಂಗಳು ಹೋದೆ. ಅಲ್ಲಿ ನನಗೆ ಒಂದೇ ಕೆಲಸ. ಹಸಿರು ದೀಪ ಬಂದಾಗ ಬಟನ್ ಒತ್ತುವುದು. ಏನು ತಯಾರಾಗುತ್ತಿದೆ ಎಂದು ಕೊನೆಯ ದಿನದವರೆಗೂ ನನಗೆ ಕಾಣಲಿಲ್ಲ, ಕಂಡದ್ದು ದೀಪ ಮಾತ್ರ. ಬಿಟ್ಟು ಬಂದೆ. ಅಪ್ಪ ಮಾರನೇ ದಿನ ಕೋಲು ಕೈಗೆ ಕೊಟ್ಟ. ಕುರಿ ಹಿಂದೆ ಹೋದೆ. ಈಗಲೂ ಹೋಗುತ್ತಿದ್ದೇನೆ. ನನಗೆ ಇದು ಹಿಡಿಸುತ್ತದೆ.

ಸಂಜೆ ಕುರಿ ಹೊಡೆದುಕೊಂಡು ಬರುವಾಗ ಆ ಮಿಂಚುವುದನ್ನು ನಾನು ಬಹಳ ಸಲ ನೋಡಿದ್ದೆ. ವಿಮಾನ ಅಲ್ಲ, ಸದ್ದಿಲ್ಲ. ನಕ್ಷತ್ರ ಅಲ್ಲ, ನಡೆಯುತ್ತದೆ. ಯಾರನ್ನು ಕೇಳುವುದು?

ಒಂದು ದಿನ ಕನಕಪುರದ ಕಾಲೇಜಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಡಂ ಒಬ್ಬರು ಹುಡುಗರನ್ನು ಬೆಟ್ಟ ಹತ್ತಿಸಿ ಇಳಿಸಿಕೊಂಡು ಬಂದರು. ನಮ್ಮ ಮನೆ ಮುಂದೆ ನೀರು ಕೇಳಿದರು. ಅಷ್ಟರಲ್ಲಿ ಅದು ಬಂತು. ನಾನು ಚೊಂಬು ಕೊಡುವುದನ್ನು ಬಿಟ್ಟು ಕೈ ತೋರಿಸಿದೆ.

"ಮೇಡಂ, ಅದೇನದು? ಯಾವಾಗ್ಲೂ ಇತ್ಲಾಗೇ ಬತ್ತದೆ."

ಮೇಡಂ ನೀರು ಮರೆತರು. "ನಿನಗೆ ಬರಿಗಣ್ಣಿಗೆ ಕಾಣುತ್ತಾ ಅದು?"

"ಕುರಿ ಕಂಡಂಗೆ ಕಾಣ್ತದೆ."

ಅವರು ಹೇಳಿದ್ದು ಇದು. ಮಳೆ, ಮೋಡ ನೋಡಲು ಎಂದು ಹಿಂದೆ ಒಂದು ಉಪಗ್ರಹ ಬಿಟ್ಟಿದ್ದರು. ಅದರ ಆಯಸ್ಸು ಮುಗಿಯಿತು. ಕೆಟ್ಟು ಸುಮ್ಮನೆ ಸುತ್ತುತ್ತಿತ್ತು. ಆಮೇಲೆ ಅಲ್ಲೇ ಒಡೆದು ಚೂರಾಯಿತು. ಚೂರುಗಳು ಈಗಲೂ ಭೂಮಿ ಸುತ್ತುತ್ತಿವೆ. ನಮಗೆ ಕೆಳಗೆ ಹೊತ್ತು ಮುಳುಗಿದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲು ಇರುತ್ತದೆ. ಚೂರು ಉರುಳುತ್ತಾ ಹೋಗುವಾಗ ಆ ಬಿಸಿಲು ಬಡಿದು ಮಿಂಚುತ್ತದೆ.

ಅಪ್ಪ ಜಗಲಿ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ. "ಮಳೆ ಹೇಳೋ ಯಂತ್ರವಾ? ಸುಳ್ಳು ಹೇಳಿ ಹೇಳಿ ಒಡೆದೋಗೈತೆ ಬುಡಿ," ಎಂದ.

ಮೇಡಂ ಜೋರಾಗಿ ನಕ್ಕರು. ಹೋಗುವಾಗ ನನ್ನ ನಂಬರು ತೆಗೆದುಕೊಂಡರು.

ಮಾರನೇ ದಿನ ನನ್ನನ್ನು ಒಂದು ಮೊಬೈಲ್ ಗ್ರೂಪಿಗೆ ಸೇರಿಸಿದರು. ಇಪ್ಪತ್ತು ಜನ ಇರಬಹುದು. ಮೈಸೂರು, ಹಾಸನ, ಬೆಂಗಳೂರು ಕಡೆಯವರು. ಎಲ್ಲರೂ ಓದಿದವರು. ಅವರ ಕೆಲಸ ಆ ಚೂರುಗಳನ್ನು ಕಾಯುವುದು. ಯಾವ ಚೂರು ಎಷ್ಟು ಹೊತ್ತಿಗೆ ಬರುತ್ತದೆ, ನಿಮಿಷಕ್ಕೆ ಎಷ್ಟು ಸುತ್ತು ಉರುಳುತ್ತದೆ, ಬರೆದು ಪಟ್ಟಿ ಮಾಡುವುದು. ಉರುಳುವುದನ್ನು ಯಾಕೆ ಎಣಿಸಬೇಕು ಎಂದು ಕೇಳಿದೆ. ಮೇಡಂ ಹೇಳಿದರು: "ಚೂರುಗಳು ಬೆರೆತುಹೋಗ್ತವೆ. ದೂರದಿಂದ ಎಲ್ಲಾ ಒಂದೇ ಥರ. ಉರುಳೋ ಲೆಕ್ಕದಿಂದ ಇದು ಅದೇ ಚೂರಾ ಬೇರೆಯದಾ ಅಂತ ಗುರುತು ಹಿಡಿಬಹುದು."

ನನಗೆ ತಕ್ಷಣ ತಿಳಿಯಿತು. ನಾವು ಕುರಿಯ ಕಿವಿಗೆ ಕಚ್ಚು ಹಾಕುತ್ತೇವೆ. ನಾಲ್ಕು ಮಂದೆ ಬೆರೆತರೂ ಕಿವಿ ನೋಡಿ ನಮ್ಮದನ್ನು ಎಳೆದುಕೊಳ್ಳುತ್ತೇವೆ. ಇವರಿಗೆ ಅದು ಕಿವಿ ಕಚ್ಚು.

ನನ್ನ ಪಾಲಿಗೆ ಬಂದದ್ದು ಒಂದೇ ಚೂರು. ಬೆಟ್ಟದ ಮೇಲಿಂದ ಹೋಗುವುದು. ಎಣಿಸಿ ಕಳಿಸಿದೆ. ವಾರದ ಪಟ್ಟಿಯಲ್ಲಿ ಮೈಸೂರು, ಹಾಸನದ ಕೆಳಗೆ 'ಕಬ್ಬಾಳು' ಎಂದು ಬರೆದು ಎದುರಿಗೆ ನನ್ನ ಹನ್ನೆರಡನ್ನು ಹಾಕಿದ್ದರು. ನಾನು ಹೇಳಿದ್ದನ್ನು ಯಾರಾದರೂ ಬರೆದಿಟ್ಟುಕೊಂಡದ್ದು ಅದೇ ಮೊದಲು. ಅವ್ವನಿಗೆ ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ, ಆದರೂ ಕೈ ಒರೆಸಿಕೊಂಡು ಮೊಬೈಲು ಹಿಡಿದು ನೋಡಿದಳು.

ನಾಲ್ಕು ಸಲ ಎಣಿಸಿದೆ. ನಾಲ್ಕು ಸಲವೂ ಹನ್ನೆರಡು. ನಾಲ್ಕನೆಯದೇ ಬೆನ್ನಿಗೆ ಹೆಂಟೆ ಬಿದ್ದ ದಿನದ್ದು. ಅವತ್ತು ಕಳಿಸಿದ ಮೇಲೆ ಪಟ್ಟಿ ಬರೆಯುವವರು, ಬೆಂಗಳೂರಿನವರು, ಎಲ್ಲರಿಗೂ ಕಾಣುವಂತೆ ಹೀಗೆ ಹಾಕಿದರು:

"ಈ ಚೂರಿಗೆ ಎಲ್ಲರ ಎಣಿಕೆ ಇಪ್ಪತ್ತನಾಲ್ಕು. ಕಬ್ಬಾಳಿನವರದು ಮಾತ್ರ ಹನ್ನೆರಡು. ಒಂದೋ ಬೇರೆ ಚೂರು ನೋಡುತ್ತಿದ್ದಾರೆ, ಇಲ್ಲವೇ ಎಣಿಸಲು ಬರುತ್ತಿಲ್ಲ. ಭಾನುವಾರ ಪಟ್ಟಿ ಹೊರಗೆ ಹೋಗಬೇಕು. ಇವರದನ್ನು ತೆಗೆಯುತ್ತೇನೆ. ಮುಂದೆಯೂ ಇವರಿಂದ ಬೇಡ."

ನಿಧಾನವಾಗಿ ಓದಿದೆ. ಮತ್ತೆ ಓದಿದೆ. ಎಣಿಸಲು ಬರುತ್ತಿಲ್ಲ ಎನ್ನುವುದನ್ನು ಶಾಲೆಯಲ್ಲಿ ಕೇಳಿದ್ದೆ. ಅಲ್ಲಿ ಹೇಳಿದ್ದು ನಿಜ, ಅದಕ್ಕೆ ಬಿಟ್ಟೆ. ಇಲ್ಲಿ ನಿಜ ಅಲ್ಲ. ನನಗೆ ಬೇರೆ ಏನು ಬರದಿದ್ದರೂ ಎಣಿಸಲು ಬರುತ್ತದೆ. ದಿನಾ ಸಂಜೆ ಮನೆಗೆ ಹೊರಡುವ ಮುಂಚೆ ಕುರಿ ಎಣಿಸುತ್ತೇನೆ, ಒಂದು ಮರಿ ತಪ್ಪಿದರೂ ಗೊತ್ತಾಗುತ್ತದೆ. ಊಟ ಸೇರಲಿಲ್ಲ.

"ಯಾಕ್ಲಾ, ಮುದ್ದೆ ಮುಂದೆ ಇಟ್ಕೊಂಡು ತಪಸ್ಸು ಮಾಡ್ತಿದ್ದೀಯ?" ಎಂದ ಅಪ್ಪ.

"ನನ್ನ ಲೆಕ್ಕ ತೆಗೀತಾರಂತೆ."

"ತೆಗೆದ್ರೆ ತೆಗೀಲಿ ಬುಡ್ಲಾ. ಆಕಾಶ ಏನು ನಿನ್ನ ಭಾವಮೈದನಾ?"

"ನಾನು ಸರಿಯಾಗಿ ಎಣಿಸಿವ್ನಿ ಅಪ್ಪ."

ಅಪ್ಪ ನನ್ನ ಮುಖ ನೋಡಿದ. "ಸರಿಯಾಗಿ ಎಣಿಸಿದ್ರೆ ಅಂಗಂತ ಹೇಳು ಮತ್ತೆ. ಮುದ್ದೆ ಏನು ಮಾಡಿತ್ತು ನಿಂಗೆ?" ಎಂದ.

ಮೇಡಂಗೆ ಫೋನು ಮಾಡಿ ಅಷ್ಟೇ ಹೇಳಿದೆ. ಸರಿಯಾಗಿ ಎಣಿಸಿದ್ದೀನಿ ಎಂದೆ. ಅವರು "ಶನಿವಾರ ಬರ್ತೀನಿ" ಎಂದರು. ಶನಿವಾರ ಸಂಜೆ ಆ ಚೂರು ಮತ್ತೆ ಬರುವುದಿತ್ತು. ಅದು ಬಿಟ್ಟರೆ ಮುಂದೆ ಎಷ್ಟೋ ವಾರ ನಮ್ಮ ಕಡೆ ಕಾಣುವುದಿಲ್ಲ. ಭಾನುವಾರ ಪಟ್ಟಿ. ಇದ್ದದ್ದು ಆ ಒಂದು ಸಂಜೆ.

ಶನಿವಾರ ಮಧ್ಯಾಹ್ನ ಬೆಟ್ಟದ ಮೇಲೆ ಮೋಡ ಕೂತಿತು. ಮೋಡ ನೋಡುವ ಯಂತ್ರದ ಚೂರನ್ನು ನೋಡಲು ಮೋಡವೇ ಅಡ್ಡ. ಅಪ್ಪ ಮೂಗೆತ್ತಿ ಗಾಳಿ ನೋಡಿದ. "ಸಂಜೆಗೆ ಸರಿದೋಯ್ತದೆ," ಎಂದ. ಐದೂವರೆಗೆ ಸರಿಯಿತು. ಆ ಯಂತ್ರಕ್ಕಿಂತ ಅಪ್ಪ ವಾಸಿ.

ಮೇಡಂ ಸ್ಕೂಟರಿನಲ್ಲಿ ಬಂದರು. ಹೊತ್ತು ಇನ್ನೂ ಇತ್ತು. ಕುರಿ ಹಟ್ಟಿಗೆ ಸೇರಿಸುವ ಹೊತ್ತು ಅದು. ನಮ್ಮ ಹಟ್ಟಿಗೆ ಬಾಗಿಲು ಎಂದರೆ ಬೇಲಿಯಲ್ಲಿ ಒಂದು ಸಂದು. ಎರಡು ಕುರಿ ಒಟ್ಟಿಗೆ ನುಗ್ಗುವಷ್ಟು ಅಗಲ. ಅಪ್ಪ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಣಿಸುತ್ತಾನೆ. ಎಲ್ಲಾ ಒಳಗೆ ಹೋದ ಮೇಲೆ ತಡಿಕೆ ಎಳೆದು ಮುಚ್ಚುತ್ತಾನೆ.

"ಇಪ್ಪತ್ತೆರಡು, ಇಪ್ಪತ್ಮೂರು. ಒಂಟಿ ಒಂದು," ಎಂದು ಅಪ್ಪ ಎದ್ದ.

ಮೇಡಂ ಕೇಳಿದರು. "ಎಷ್ಟು ಕುರಿ ಇವೆ?"

"ಇಪ್ಪತ್ಮೂರು, ಒಂಟಿ ಒಂದು. ಸರಿಯಾಗವೆ."

ಮೇಡಂ ಬೇಲಿ ಮೇಲಿಂದ ಇಣುಕಿದರು. ಬೆರಳು ಮಾಡಿ ಎಣಿಸತೊಡಗಿದರು. ಕುರಿ ನಿಂತಲ್ಲಿ ನಿಲ್ಲುವುದಿಲ್ಲ, ಮತ್ತೆ ಮೊದಲಿಂದ ಎಣಿಸಿದರು. "ಇಲ್ಲಿ ನಲವತ್ತೇಳು ಇದಾವಲ್ಲ?"

"ಅದೇ ಹೇಳಿದ್ದು. ಇಪ್ಪತ್ಮೂರು, ಒಂಟಿ ಒಂದು."

"ಜೊತೆ ಲೆಕ್ಕವಾ?"

"ಮತ್ತಿನ್ನೇನು, ಒಂದೊಂದೇ ಎಣಿಸ್ತಾ ಕೂತ್ಕೊಂಡ್ರೆ ಕುರಿ ಕಾಯ್ತವಾ?" ಎಂದ ಅಪ್ಪ. ಹಾಗೆ ಹೇಳುವಾಗಲೇ ಅವನಿಗೆ ಏನೋ ಹೊಳೆಯಿತು. "ಓಹೋ! ಅದಕ್ಕೇ ಹೋದ ಸಲ ಸೂಜಿ ಹಾಕಕ್ಕೆ ಬಂದೋನು ಇಪ್ಪತ್ಮೂರು ಕುರಿಗೆ ಔಷಧಿ ತಂದು ನನ್ನೇ ಬೈದ! ನಾನು ಅವನಿಗೆ ಎಣಿಸಕ್ಕೆ ಬರಕಿಲ್ಲ ಅಂದ್ಕೊಂಡಿದ್ದೆ!"

ಮೇಡಂ ನನ್ನ ಕಡೆ ತಿರುಗಿದರು. "ನೀನೂ ಹೀಗೇನಾ ಎಣಿಸೋದು?"

"ನಮ್ಮನೇಲಿ ಎಲ್ಲಾ ಹಿಂಗೇ. ಎರಡು ಮಿಂಚಿದ್ರೆ ಒಂದು."

ಅವರು ನಗುತ್ತಾ ಹಣೆ ಹಿಡಿದುಕೊಂಡರು. "ನನಗೆ ಅನುಮಾನ ಇತ್ತು. ತಪ್ಪು ಎಣಿಸೋನು ಇಷ್ಟು ಸರಿಯಾಗಿ ಅರ್ಧಕ್ಕೆ ತಪ್ಪಲ್ಲ, ಅದೂ ನಾಲ್ಕು ಸಲ. ಹಾಗಾದ್ರೆ ಮುಗೀತು. ನಿನ್ನ ಹನ್ನೆರಡು ಅಂದ್ರೆ ಇಪ್ಪತ್ತನಾಲ್ಕು. ಎರಡರಿಂದ ಗುಣಿಸಿ ಬರೆದ್ರಾಯ್ತು."

ಅವರಿಗೆ ಖುಷಿಯಾಯಿತು. ನನಗೆ ಆಗಲಿಲ್ಲ.

"ಗುಣಿಸಬ್ಯಾಡಿ ಮೇಡಂ," ಎಂದೆ.

"ಯಾಕೆ?"

"ಕುರೀಲಿ ಯಾವ ಎರಡಾದ್ರೂ ಜೊತೇನೇ. ಆದ್ರೆ ಅಲ್ಲಿ ಅಂಗಲ್ಲ. ಅದು ತಾನೇ ಜೊತೆಯಾಗಿ ಬತ್ತದೆ. ಒಂದು ಮಿಂಚು ಒಂಥರಾ, ಇನ್ನೊಂದು ಒಂಥರಾ. ಆಮ್ಯಾಲೆ ಮೊದಲಿಂದು. ಒಂದೇ ಥರ ಅಲ್ಲ ಅವು. ಎಂಗೆ ಬಿಡಿಸ್ಲಿ?"

ಮೇಡಂ ನಗು ನಿಲ್ಲಿಸಿದರು. ಸ್ಕೂಟರಿನ ಬ್ಯಾಗಿನಿಂದ ಒಂದು ಪುಸ್ತಕ ತೆಗೆದು, ಅದನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದರು. ಒಂದು ಮಗ್ಗುಲು ಬಿಳಿ, ಇನ್ನೊಂದು ನೀಲಿ. ಚೂರು ಹೀಗೆ ತಟ್ಟೆಯ ಹಾಗಿದ್ದು, ಎರಡು ಮಗ್ಗುಲೂ ಹೊಳೆಯುವಂಥದ್ದಾಗಿದ್ದರೆ, ಒಂದು ಸುತ್ತು ಉರುಳಿದಾಗ ಎರಡು ಸಲ ಮಿಂಚುತ್ತದೆ. ಉಪಗ್ರಹಗಳಿಗೆ ಕೆಲವು ಕಡೆ ಹಳದಿ ಹಾಳೆ ಸುತ್ತಿರುತ್ತಾರಂತೆ. ಒಂದು ಮಗ್ಗುಲಿಗೆ ಆ ಹಾಳೆ ಉಳಿದಿದ್ದರೆ ಎರಡು ಮಿಂಚಿಗೂ ಬಣ್ಣ ಬೇರೆ. ಹಾಗಿದ್ದರೆ ಚೂರು ನಿಮಿಷಕ್ಕೆ ಉರುಳುವುದು ಹನ್ನೆರಡೇ ಸುತ್ತು. ಮಿಕ್ಕವರೆಲ್ಲ ಒಂದು ಸುತ್ತನ್ನು ಎರಡು ಎಂದು ಬರೆದುಕೊಂಡಿದ್ದಾರೆ.

"ನಾನೂ ಸೇರಿ," ಎಂದರು. "ಟೌನಿನ ಲೈಟಲ್ಲಿ ನನಗೆ ಬಣ್ಣ ಕಂಡಿಲ್ಲ. ಮಿಂಚಿದ ತಕ್ಷಣ ಬಟನ್ ಒತ್ತೋದು, ಅಷ್ಟೇ ಮಾಡಿದ್ದು."

ಬಟನ್ ಎಂದಾಗ ನನಗೆ ಬಿಡದಿ ನೆನಪಾಯಿತು. ಒತ್ತುವವನಿಗೆ ದೀಪ ಬಂತು ಎಂದಷ್ಟೇ ಗೊತ್ತು. ಅವರನ್ನು ಬೈಯುವ ಹಾಗಿಲ್ಲ.

"ಆದ್ರೆ ನೀನೊಬ್ಬ ಹೇಳಿದ್ರೆ ಆಗಲ್ಲ," ಎಂದರು ಮೇಡಂ. "ಈಗ ನನಗೂ ಹೇಳಿಬಿಟ್ಟೆ, ಇನ್ನು ನನಗೆ ಬೇಕಂತಲೇ ಎರಡು ಥರ ಕಾಣುತ್ತೆ. ಈ ಮಾತು ಕಿವಿಗೆ ಬೀಳದ ಒಬ್ಬರು ಬೇಕು."

ಆಗ ದೊಡ್ಡಮ್ಮ ಬಂದಳು. ಕೈಯಲ್ಲಿ ಬೋಳಾದ ಹಿಪ್ಪುನೇರಳೆ ಕಡ್ಡಿ.

"ನೋಡಿ ಮೇಡಮ್ಮ, ನೀವು ಓದ್ದೋರು, ನೀವೇ ನ್ಯಾಯ ಹೇಳಿ. ಇವನು ಮ್ಯಾಲೆ ನೋಡ್ತಾನೆ, ಇವನ ಕುರಿ ಕೆಳಗೆ ಮೇಯ್ತವೆ. ನನ್ನ ಹುಳ ಏನು ತಿನ್ಬೇಕು, ಇವನ ಹನ್ನೆರಡು ತಿನ್ಬೇಕಾ?"

ಮೇಡಂ ನ್ಯಾಯ ಹೇಳಲಿಲ್ಲ. "ಅಮ್ಮ, ನಿಮ್ಮ ಕಣ್ಣು ಚೆನ್ನಾಗಿದ್ಯಾ?" ಎಂದರು.

ದೊಡ್ಡಮ್ಮನಿಗೆ ರೇಗಿತು. "ಅಕ್ಕೂರಿನ ಮಗಳು ನಾನು. ಹುಟ್ಟಿದ ಮನೇಲೂ ರೇಷ್ಮೆ, ಸೇರಿದ ಮನೇಲೂ ರೇಷ್ಮೆ. ರಾಮನಗರದ ಮಾರ್ಕೆಟ್ಟಿಗೆ ನನ್ನ ಗೂಡು ಹೋದ್ರೆ ಒಂದು ಕೆಟ್ಟ ಗೂಡು ಸಿಕ್ಕಕಿಲ್ಲ. ಕಣ್ಣು ಚೆನ್ನಾಗಿದ್ಯಾ ಅಂತೀರಲ್ಲ!"

"ಹಾಗಾದ್ರೆ ಸ್ವಲ್ಪ ಹೊತ್ತು ಇರಿ. ಒಂದು ತೋರಿಸ್ತೀನಿ. ಏನು ಕಾಣುತ್ತೆ ಅಂತ ಹೇಳಿ, ಸಾಕು." ನನ್ನ ಕಡೆ ನೋಡಿ ಬಾಯಿ ಮೇಲೆ ಬೆರಳಿಟ್ಟರು. ನಾನು ಬಾಯಿ ಮುಚ್ಚಿಕೊಂಡೆ. ಅಪ್ಪನಿಗೂ ಸನ್ನೆ ಮಾಡಿದೆ.

ಹೇಳಿದ ಹೊತ್ತಿಗೆ ಬೆಟ್ಟದ ಹಿಂದಿಂದ ಬಂತು. ಮೇಡಂ ಬೈನಾಕ್ಯುಲರ್ ಕೊಡಲು ಹೋದರು. ದೊಡ್ಡಮ್ಮ ತಳ್ಳಿದಳು. "ಕೊಳವೆ ಬ್ಯಾಡ. ಎಲ್ಲೈತೆ ತೋರ್ಸಿ."

ತೋರಿಸಿದರು. ದೊಡ್ಡಮ್ಮ ಕಡ್ಡಿ ಕಂಕುಳಲ್ಲಿ ಇಟ್ಟುಕೊಂಡು ನೋಡಿದಳು. ನನ್ನ ಕುರಿ ತಿಂದ ಅಷ್ಟೂ ಸೊಪ್ಪಿನ ಸೇಡು ಅವಳು ಈಗ ತೀರಿಸಿಕೊಳ್ಳಬಹುದಿತ್ತು. ಏನು ಹೇಳಿದರೆ ನನಗೆ ಒಳ್ಳೆಯದು ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ, ಅದು ಬೇರೆ.

"ಅಯ್ಯೋ, ಗೂಡು ಬೆರೆಸವ್ರಲ್ಲ!" ಎಂದಳು.

"ಏನು ಹಂಗಂದ್ರೆ?" ಎಂದರು ಮೇಡಂ.

"ಒಂದು ಬಿಳೀ ಗೂಡು, ಒಂದು ಹಳದಿ ಗೂಡು. ಬಿಳೀದು, ಹಳದೀದು. ಅಲ್ನೋಡಿ. ಇಂಗೆ ಬೆರೆಸಿದ್ರೆ ಮಾರ್ಕೆಟ್ನಾಗೆ ಯಾರು ತಗೋತಾರೆ?"

ನಾನು "ಹೋ!" ಎಂದು ಕೂಗಿದೆ. ಮೇಡಂ ನನ್ನ ತೋಳು ಹಿಡಿದು ಎಳೆದರು. "ಹೊತ್ತಿಲ್ಲ, ಇನ್ನು ಎರಡು ಮೂರು ನಿಮಿಷ ಅಷ್ಟೇ ಕಾಣೋದು. ನೀನು ಬಿಳೀದು ಬಂದಾಗ ಮಾತ್ರ ಕೂಗು. ಅಮ್ಮ, ನೀವು ಹಳದಿಗೆ ಮಾತ್ರ. ಒಬ್ಬರ ಮುಖ ಒಬ್ಬರು ನೋಡಬೇಡಿ. ಒಂದು ನಿಮಿಷ. ಶುರು!"

ಎರಡೂ ಕೈಯಲ್ಲಿ ಎರಡು ಮೊಬೈಲು ಹಿಡಿದರು, ಅವರದೊಂದು, ನನ್ನದೊಂದು. ಒಂದರಲ್ಲಿ ಬಿಳಿಗೆ ಒತ್ತಲು, ಇನ್ನೊಂದರಲ್ಲಿ ಹಳದಿಗೆ.

"ಬಿಳೀ!" ಎಂದೆ.

"ಹಳದಿ!" ಎಂದಳು ದೊಡ್ಡಮ್ಮ.

"ಬಿಳೀ!"

"ಹಳದಿ!"

ಬೆಟ್ಟಕ್ಕೆ ಬಡಿದು ನಮ್ಮ ಕೂಗು ವಾಪಸ್ಸು ಬರುತ್ತಿತ್ತು. ಅವ್ವ ಒಲೆ ಬಿಟ್ಟು ಹೊರಗೆ ಬಂದಳು. ರಸ್ತೆಯಲ್ಲಿ ಹೋಗುತ್ತಿದ್ದ ಹಾಲಿನವನು ಬೈಕು ನಿಲ್ಲಿಸಿ ಮೇಲೆ ನೋಡಿದ, ನಮ್ಮನ್ನು ನೋಡಿದ, ಮತ್ತೆ ಮೇಲೆ ನೋಡಿದ. ಆಕಾಶ ಭಾವಮೈದನಾ ಎಂದಿದ್ದ ಅಪ್ಪ ಟವೆಲು ಬೀಸುತ್ತಾ "ಬುಡಬ್ಯಾಡ್ರಲಾ! ಬುಡಬ್ಯಾಡಿ!" ಎಂದು ಕುಣಿಯುತ್ತಿದ್ದ.

ಹಟ್ಟಿಯ ತಡಿಕೆ ಮುಚ್ಚುವುದನ್ನು ಅವನು ಮರೆತಿದ್ದ.

ನನಗೆ ಕುರಿಗಳ ಕಾಲಿನ ಸದ್ದು ಕೇಳಿಸಿತು. ದೊಡ್ಡಮ್ಮನಿಗೂ ಕೇಳಿಸಿತು. ಕುರಿ ಸಾಲಾಗಿ ನಮ್ಮ ಪಕ್ಕದಲ್ಲೇ ತೋಟದ ಕಡೆ ಹೋದವು.

"ಬಿಳೀ!"

"ಹಳದಿ! ಅಯ್ಯೋ ನನ್ನ ಸೊಪ್ಪು! ಮೇಡಮ್ಮ, ಇನ್ನೆಷ್ಟೈತೆ?"

"ಇಪ್ಪತ್ತು ಸೆಕೆಂಡು!"

"ಬಿಳೀ!"

"ಹಳದಿ! ನಿಮ್ಮ ಮನೆ ಹಾಳಾಗ! ಹಳದಿ ಕಣ್ರೀ, ಹಳದಿ!"

ಅವಳು ಕಣ್ಣು ತೆಗೆಯಲಿಲ್ಲ. ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ತೋಟದಲ್ಲಿ ಕಡ್ಡಿ ಮುರಿಯುವ ಸದ್ದು ಕೇಳುತ್ತಿತ್ತು. ಅವಳ ಕತ್ತು ಮೇಲೇ ಇತ್ತು.

"ನಿಲ್ಲಿಸಿ!" ಎಂದರು ಮೇಡಂ. ಎರಡು ಮೊಬೈಲನ್ನೂ ನೋಡಿದರು. "ಬಿಳಿ ಹನ್ನೆರಡು. ಹಳದಿ ಹನ್ನೆರಡು."

ದೊಡ್ಡಮ್ಮ ಆಗಲೇ ಓಡಿದ್ದಳು. ನಾನು, ಅಪ್ಪ, ಹಾಲಿನವನು ಎಲ್ಲರೂ ಓಡಿದೆವು. ನಗು ತಡೆಯಲಾಗದೆ ನನಗೆ ಕುರಿ ಹಿಡಿಯಲು ಆಗಲಿಲ್ಲ. ಬೈಯಬೇಕಾದ ದೊಡ್ಡಮ್ಮನೂ ನಗುತ್ತಿದ್ದಳು. "ಬಡ್ಡೆತ್ತವಾ, ಎಳಿರ್ಲಾ ಆಚೆಗೆ," ಎನ್ನುತ್ತಾ ಕಡ್ಡಿಯಲ್ಲಿ ಕುರಿಗೂ ಹೊಡೆದಳು, ನನಗೂ ಹೊಡೆದಳು.

ಎಲ್ಲಾ ಹಟ್ಟಿಗೆ ತುಂಬಿ ಅಪ್ಪ ಮತ್ತೆ ಎಣಿಸಿದ. ಇಪ್ಪತ್ತಮೂರು, ಒಂಟಿ ಒಂದು. ಈ ಸಲ ತಡಿಕೆ ಕಟ್ಟಿದ. ಮೇಡಂ ಜಗಲಿ ಮೇಲೆ ಕೂತು ನಡೆದದ್ದನ್ನು ಗ್ರೂಪಿಗೆ ಬರೆದರು. ಕುರಿಯ ಜೊತೆ ಲೆಕ್ಕವನ್ನೂ ಬರೆದರು, ಗೂಡಿನ ಬಣ್ಣವನ್ನೂ ಬರೆದರು. ಅವ್ವ ಎಲ್ಲರಿಗೂ ಕಾಫಿ ಕೊಟ್ಟಳು, ಹಾಲಿನವನಿಗೂ.

ಭಾನುವಾರ ಬೆಳಿಗ್ಗೆ ಪಟ್ಟಿಯವರ ಮೆಸೇಜು ಬಂತು. ಬೆಂಗಳೂರಿನಿಂದ ದೂರ ಹೋಗಿ ಎಣಿಸಿದ್ದ ಇನ್ನಿಬ್ಬರನ್ನು ವಿಚಾರಿಸಿದರಂತೆ. ಅವರೂ ಎರಡು ಬಣ್ಣ ಕಂಡ ನೆನಪಿದೆ ಎಂದರಂತೆ, ಲೆಕ್ಕಕ್ಕೆ ಬೇಕಾಗಿಲ್ಲ ಎಂದು ಬಿಟ್ಟಿದ್ದರಂತೆ. ಕೆಳಗೆ ಹೀಗೆ ಹಾಕಿದ್ದರು: "ಕಬ್ಬಾಳಿನವರದೇ ಸರಿ. ನಾವು ಅರ್ಧ ಸುತ್ತು ಎಣಿಸುತ್ತಿದ್ದೆವು. ಎಣಿಸಲು ಬರುವುದಿಲ್ಲ ಎಂದು ನಾನು ಹೇಳಿದ್ದು ತಪ್ಪು."

ಪಟ್ಟಿಯಲ್ಲಿ ಆ ಚೂರಿನ ಎದುರಿಗೆ ಎಲ್ಲರ ಇಪ್ಪತ್ತನಾಲ್ಕು ಹೊಡೆದುಹಾಕಿ ಹನ್ನೆರಡು ಬರೆದಿದ್ದರು. ಪಕ್ಕದಲ್ಲಿ 'ಕಬ್ಬಾಳು, ಇಬ್ಬರು' ಎಂದಿತ್ತು.

ತೋಟಕ್ಕೆ ಹೋಗಿ ದೊಡ್ಡಮ್ಮನಿಗೆ ಓದಿ ಹೇಳಿದೆ. ಅವಳು ಸೊಪ್ಪು ಕೊಯ್ಯುತ್ತಿದ್ದಳು, ಉಳಿದಿದ್ದನ್ನು.

"ಇಬ್ಬರು ಅಂದ್ರೆ ನಾನೂನಾ?"

"ನೀನೂನೂ."

"ನನ್ನ ಸೊಪ್ಪು ಹೋದದ್ದು ಬರೆದವ್ರಾ?"

"ಇಲ್ಲ."

"ಮತ್ತೆ ಅದೆಂಥ ಪಟ್ಟಿನ್ಲಾ?" ಎಂದು ಕುಡುಗೋಲು ಕೆಳಗಿಟ್ಟಳು. ಸೊಂಟಕ್ಕೆ ಕೈ ಕೊಟ್ಟು ಆಕಾಶ ನೋಡಿದಳು. ಬೆಳಿಗ್ಗೆ ಹತ್ತು ಗಂಟೆ, ಏನೂ ಕಾಣುವುದಿಲ್ಲ. "ಮುಂದ್ಲ ಸಲ ಯಾವಾಗ ಬತ್ತದಂತೆ? ತಡಿಕೆ ಕಟ್ಟಿಬುಟ್ಟು ಕರಿ."

ಇಷ್ಟೇ ನಡೆದದ್ದು. ಹನ್ನೆರಡು ಉಳಿಯಿತು. ಇದಕ್ಕೆ ಸೇರಿಸಲು ನನ್ನ ಹತ್ತಿರ ಇನ್ನೇನೂ ಇಲ್ಲ.